ಎರಡು ಗೇಟು, ಒಂದು ಬೀಗ: ಚಿಕ್ಕಮಗಳೂರಿನ ಒಂದು ಉದ್ಯಾನದ ಪ್ರಕರಣ

ಚಿಕ್ಕಮಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಒಂದು ಎಕರೆಗೂ ಕಡಿಮೆ ವಿಸ್ತಾರದ ಉದ್ಯಾನವಿದೆ. ಅಂಗವಿಕಲರು ಅದರೊಳಗೆ ಯಾರ ಅಪ್ಪಣೆಯೂ ಇಲ್ಲದೆ ಹೋಗಿ ಬರುವಂತಾಗಲು ಹತ್ತಿರಹತ್ತಿರ ಎರಡು ವರ್ಷ ಹಿಡಿಯಿತು. ಅಡ್ಡಿಯಾಗಿದ್ದದ್ದು ಒಂದು ಗೇಟು. ಇಷ್ಟು ಸಣ್ಣ ವಿಷಯವನ್ನು ಇಷ್ಟುದ್ದ ಬರೆಯಲು ಕಾರಣವಿದೆ: ನಮ್ಮ ಬಹಳಷ್ಟು ಊರುಗಳ ಉದ್ಯಾನಗಳಿಗೆ ಇಂಥದೇ ಗೇಟಿದೆ, ಅದನ್ನು ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಇವೇ ತಪ್ಪುಗಳಿಗೆ ಸಿಕ್ಕಿಕೊಳ್ಳುತ್ತಾರೆ.

ಬಡಾವಣೆಯ, ಉದ್ಯಾನದ, ಕಚೇರಿಯ ಹೆಸರುಗಳನ್ನು ಬಿಟ್ಟಿದ್ದೇನೆ. ವ್ಯಕ್ತಿಗಳನ್ನು ಅವರ ಕಸುಬಿನಿಂದ ಮಾತ್ರ ಗುರುತಿಸಿದ್ದೇನೆ; ಒಂದೆರಡು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ನಾನು ಇದರೊಳಗೆ ಬಂದದ್ದು ಅಂಗವಿಕಲರ ಸಂಘವೊಂದಕ್ಕೆ ನಕ್ಷೆ, ಅಳತೆ, ಅಂದಾಜುಪಟ್ಟಿಗಳನ್ನು ಓದಿ ಹೇಳುವವನಾಗಿ. ನಿವೃತ್ತ ಸಿವಿಲ್ ಎಂಜಿನಿಯರಿಗೆ ಊರಿನಲ್ಲಿ ಸಂಬಳವಿಲ್ಲದ ಕೆಲಸಕ್ಕೇನೂ ಕೊರತೆಯಿಲ್ಲ.

ಗೇಟು, ಮತ್ತು ಮೂವರು

ಉದ್ಯಾನಕ್ಕೆ ಮುಖ್ಯರಸ್ತೆಯ ಕಡೆ ಎರಡು ಬಾಗಿಲಿನ ದೊಡ್ಡ ಕಬ್ಬಿಣದ ಗೇಟಿತ್ತು. ಅದಕ್ಕೆ ಸದಾ ಬೀಗ. ಒಣಗಿದ ಕೊಂಬೆ ಸಾಗಿಸುವ ಟ್ರ್ಯಾಕ್ಟರ್ ಬಂದಾಗ, ಆಗಸ್ಟ್ 15ಕ್ಕೆ ಧ್ವಜ ಏರಿಸುವಾಗ ಮಾತ್ರ ತೆರೆಯುತ್ತಿತ್ತು. ಜನ ಓಡಾಡುತ್ತಿದ್ದದ್ದು ಅದರ ಪಕ್ಕದ ಮೂರು ಮೆಟ್ಟಿಲು ಹತ್ತಿ, ನಾಲ್ಕು ತೋಳಿನ ತಿರುಗುಗೇಟಿನೊಳಗೆ ನುಸುಳಿ. ಇದನ್ನು ಹಾಕಿಸಿದವರಿಗೆ ಯಾರನ್ನೂ ಹೊರಗಿಡುವ ಉದ್ದೇಶವಿರಲಿಲ್ಲ. ಬಿಡಾಡಿ ದನಗಳು ಬಂದು ಗಿಡ ಮೇಯುತ್ತಿದ್ದವು, ರಾತ್ರಿ ಹುಡುಗರು ನಡಿಗೆಪಥದ ಮೇಲೆ ಬೈಕ್ ಓಡಿಸುತ್ತಿದ್ದರು. ಬಡಾವಣೆಯವರೇ ಹಟ ಹಿಡಿದು ತಿರುಗುಗೇಟು ತರಿಸಿದ್ದರು. ಆ ಹಟಕ್ಕೆ ನ್ಯಾಯವಾದ ಕಾರಣವಿತ್ತು ಎಂಬುದನ್ನು ಮರೆತು ಮಾತಿಗೆ ಕುಳಿತರೆ ಮೊದಲ ಸಭೆಯಲ್ಲೇ ಜಗಳವಾಗುತ್ತದೆ.

ಪ್ರಕರಣದ ಉದ್ದಕ್ಕೂ ಇದ್ದವರು ಮೂವರು. ಒಬ್ಬರು ದರ್ಜಿ, ಐವತ್ತು ದಾಟಿದವರು, ಚಿಕ್ಕಂದಿನಲ್ಲಿ ಪೋಲಿಯೊ ಆದವರು. ಹಿಂಬದಿಗೆ ಎರಡು ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಓಡಾಡುತ್ತಾರೆ. ಇಳಿದರೆ ಊರುಗೋಲಿನಲ್ಲಿ ಹತ್ತು ಹೆಜ್ಜೆ ಹಾಕುವುದೂ ಪ್ರಯಾಸ. ಇನ್ನೊಬ್ಬರು ದೃಷ್ಟಿಯಿಲ್ಲದ ಸಂಗೀತ ಮೇಷ್ಟ್ರು. ಮೂರನೆಯವರು ಒಬ್ಬ ತಾಯಿ. ಅವರ ಹನ್ನೊಂದು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಗಾಲಿಕುರ್ಚಿಯಲ್ಲಿ ಕರೆತರಬೇಕು. ಮಗಳು ಚಿಕ್ಕವಳಿದ್ದಾಗ ಎತ್ತಿಕೊಂಡು ತಿರುಗುಗೇಟು ದಾಟುತ್ತಿದ್ದರು. ಮಗಳು ಬೆಳೆದಳು, ಉದ್ಯಾನಕ್ಕೆ ಹೋಗುವುದು ನಿಂತಿತು.

ದರ್ಜಿಯ ಸಂಗತಿ ಇನ್ನೂ ವಿಚಿತ್ರ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವರ ಗೆಳೆಯರೆಲ್ಲ ಉದ್ಯಾನದೊಳಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಸೇರುತ್ತಿದ್ದರು. ಇವರು ಕಾಂಪೌಂಡಿನ ಹೊರಗೆ ಸ್ಕೂಟರಿನ ಮೇಲೆ ಕುಳಿತು ಗ್ರಿಲ್ಲಿನ ಮೂಲಕ ಹರಟುತ್ತಿದ್ದರು. ಕಡಲೆಕಾಯಿಯ ಪೊಟ್ಟಣ ಸಲಾಕೆಗಳ ನಡುವೆ ಆಚೆ ಈಚೆ ಹೋಗಿ ಬರುತ್ತಿತ್ತು. ಎಷ್ಟು ವರ್ಷ ಹೀಗೆ ನಡೆಯಿತು ಎಂದು ಕೇಳಿದರೆ ಅವರಿಗೇ ಲೆಕ್ಕವಿಲ್ಲ. ಗೆಳೆಯರಿಗೂ ಅದರಲ್ಲಿ ಅಸಹಜವೇನೂ ಕಂಡಿರಲಿಲ್ಲ.

ಫೋನ್ ನಂಬರಿನ ಪರಿಹಾರ

2023ರ ಮಳೆಗಾಲದಲ್ಲಿ ಸಂಘ ಉದ್ಯಾನದ ಉಸ್ತುವಾರಿ ಕಚೇರಿಗೆ ಮೊದಲ ಮನವಿ ಕೊಟ್ಟಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 45ನೇ ಸೆಕ್ಷನ್ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಸುಗಮಗೊಳಿಸಬೇಕು ಎನ್ನುತ್ತದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ; ಅಂದರೆ 2022ರ ಜೂನ್‌ಗೇ ಗಡುವು ಮುಗಿದಿತ್ತು. ಕಚೇರಿಯ ಎಂಜಿನಿಯರ್ ಮನವಿ ಓದಿ ತಕ್ಷಣ ಒಂದು ಮಾತು ಹೇಳಿದರು: ‘ಉದ್ಯಾನ ಕಟ್ಟಡವಲ್ಲವಲ್ಲ ಸರ್.’

ನಕ್ಕು ತಳ್ಳಿಹಾಕುವ ಮಾತಲ್ಲ ಅದು. ಕಾಯ್ದೆಯ ಪದಗಳನ್ನು ಹಿಡಿದು ನೋಡಿದರೆ ಅಂಥ ಸಂದೇಹಕ್ಕೆ ಎಡೆಯಿದೆ. ಆದರೆ ಅದೇ ಕಾಯ್ದೆ ‘ಸಾರ್ವಜನಿಕ ಸೌಲಭ್ಯ ಮತ್ತು ಸೇವೆ’ಗಳ ವ್ಯಾಖ್ಯೆಯಲ್ಲಿ ವಿರಾಮ, ಮನರಂಜನೆಗಳನ್ನೂ ಸೇರಿಸಿದೆ, 40ನೇ ಸೆಕ್ಷನ್ ನಗರ, ಗ್ರಾಮಗಳಲ್ಲಿ ಜನರಿಗೆ ಒದಗಿಸುವ ಎಲ್ಲ ಸೌಲಭ್ಯಗಳಿಗೂ ಅನ್ವಯಿಸುತ್ತದೆ. ಮನವಿ ಬರೆಯುವವರು 45ಕ್ಕಿಂತ ಮೊದಲು 40ನ್ನು ಉಲ್ಲೇಖಿಸಿದರೆ ಈ ಒಂದು ಸುತ್ತಿನ ಪತ್ರವ್ಯವಹಾರ ತಪ್ಪುತ್ತದೆ.

ಕೆಲವು ವಾರಗಳ ನಂತರ ದೊಡ್ಡ ಗೇಟಿನ ಮೇಲೆ ಬಿಳಿ ಬಣ್ಣದಲ್ಲಿ ಕಾವಲುಗಾರರ ಮೊಬೈಲ್ ಸಂಖ್ಯೆ ಬಂತು. ಅಂಗವಿಕಲರು ಕರೆ ಮಾಡಿದರೆ ಗೇಟು ತೆರೆಯಲಾಗುವುದು. ‘ಸದರಿ ಅಹವಾಲನ್ನು ಇತ್ಯರ್ಥಪಡಿಸಲಾಗಿದೆ’ ಎಂದು ಕಡತ ಮುಚ್ಚಿತು.

ಕಾವಲುಗಾರರು ಒಳ್ಳೆಯ ಮನುಷ್ಯ. ಆದರೆ ಅವರಿಗೆ ನೋಡಿಕೊಳ್ಳಲು ಇದೊಂದೇ ಉದ್ಯಾನವಲ್ಲ. ಕರೆ ಮಾಡಿದರೆ ಒಮ್ಮೆ ಹತ್ತು ನಿಮಿಷ, ಒಮ್ಮೆ ಮುಕ್ಕಾಲು ಗಂಟೆ. ಬಂದು ತೆರೆದು, ದನ ನುಗ್ಗೀತೆಂದು ಮತ್ತೆ ಬೀಗ ಹಾಕಿ ಹೋಗುತ್ತಿದ್ದರು. ಹೀಗಾಗಿ ಹೊರಗೆ ಬರಲೂ ಕರೆ ಮಾಡಬೇಕು. ಒಂದು ಸಂಜೆ ಮಲೆನಾಡಿನ ಮಳೆ ಮುನ್ಸೂಚನೆ ಕೊಡದೆ ಸುರಿಯಿತು. ತಾಯಿ, ಮಗಳು ಒಳಗೆ, ಬೀಗ ಹೊರಗೆ, ಫೋನು ‘ಸಂಪರ್ಕ ವ್ಯಾಪ್ತಿಯ ಹೊರಗಿದೆ’. ಕೊನೆಗೆ ಇಬ್ಬರು ಕಾಲೇಜು ಹುಡುಗರು ಹುಡುಗಿಯನ್ನು ಒಬ್ಬ, ಕುರ್ಚಿಯನ್ನು ಒಬ್ಬ ಹೊತ್ತು ತಿರುಗುಗೇಟು ದಾಟಿಸಿದರು. ಆ ತಾಯಿ ಆಮೇಲೆ ಆ ಸಂಖ್ಯೆಗೆ ಕರೆ ಮಾಡಲೇ ಇಲ್ಲ.

ಬೀಗದ ಗೇಟಿಗೆ ರ‍್ಯಾಂಪ್

ಸಂಘ ಮತ್ತೆ ಹೋಯಿತು. ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ, ಹತ್ತಿರ ಬರುತ್ತಿತ್ತು. ಉದ್ಘಾಟಿಸಲು ಏನಾದರೂ ಬೇಕಿತ್ತು. ತುಂಡುಗುತ್ತಿಗೆಯಲ್ಲಿ ತರಾತುರಿಯಿಂದ ಒಂದು ರ‍್ಯಾಂಪ್ ಎದ್ದಿತು. ಡಿಸೆಂಬರ್ 3ರ ಗಡುವಿಟ್ಟುಕೊಂಡು ಕಟ್ಟಿದ ರ‍್ಯಾಂಪುಗಳನ್ನು ದೂರದಿಂದಲೇ ಗುರುತಿಸಬಹುದು ಎಂಬುದು ನನ್ನ ಅನುಭವ. ಅವುಗಳ ಉದ್ದವನ್ನು ನಿರ್ಧರಿಸಿರುವುದು ಎತ್ತರವಲ್ಲ, ಕ್ಯಾಲೆಂಡರ್.

ಲೆಕ್ಕ ಸರಳ. ಗಾಲಿಕುರ್ಚಿಯ ರ‍್ಯಾಂಪಿಗೆ ಒಪ್ಪಿತವಾದ ಇಳಿಜಾರು 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಮೆಟ್ಟಿಲಿನ ಎತ್ತರ 45 ಸೆಂ.ಮೀ.; ಆದ್ದರಿಂದ 5.4 ಮೀಟರ್ ಉದ್ದ ಬೇಕು, ಮೇಲೂ ಕೆಳಗೂ ಕುರ್ಚಿ ತಿರುಗಲು ಒಂದೂವರೆ ಮೀಟರ್ ಸಮತಟ್ಟು ಬೇಕು. ಕಟ್ಟಿದ್ದು ಎರಡು ಮೀಟರ್. ಅದಕ್ಕಿಂತ ಮುಂದೆ ಹೋದರೆ ಚರಂಡಿ. ಮೇಲೆ ಹಾಸಿದ್ದು ನುಣುಪಾದ ಟೈಲ್ಸ್, ಫೋಟೊದಲ್ಲಿ ಚೆನ್ನಾಗಿ ಕಾಣಲಿ ಎಂದು. ಜೂನ್ ಬಂದು ಎರಡು ವಾರ ಮಳೆ ಹಿಡಿದದ್ದೇ ತಡ, ಟೈಲ್ಸಿನ ಸಂದುಗಳಿಂದ ಪಾಚಿ ಹಬ್ಬಿತು. ಏರುವುದು ಕಷ್ಟ, ಇಳಿಯುವುದು ಅಪಾಯ.

ಇದಕ್ಕಿಂತ ದೊಡ್ಡ ತಮಾಷೆ ರ‍್ಯಾಂಪಿನ ತುದಿಯಲ್ಲಿತ್ತು. ಅದು ಹೋಗಿ ನಿಂತದ್ದು ಬೀಗ ಹಾಕಿದ ಆ ದೊಡ್ಡ ಗೇಟಿನ ಎದುರಿಗೇ. ಕಾಮಗಾರಿಯ ಹೆಸರು ‘ರ‍್ಯಾಂಪ್ ನಿರ್ಮಾಣ’. ಬೀಗ ತೆಗೆಯುವುದು ಅಂದಾಜುಪಟ್ಟಿಯ ಯಾವ ಬಾಬಿನಲ್ಲೂ ಇರಲಿಲ್ಲ. ಸಂಘದ ಮನವಿಯಲ್ಲಿಯೂ ‘ರ‍್ಯಾಂಪ್ ಬೇಕು’ ಎಂದೇ ಬರೆದಿತ್ತು. ಕೇಳಿದ್ದನ್ನು ಕೊಟ್ಟಿದ್ದಾರೆ ಎಂದು ಕಚೇರಿಯವರು ಹೇಳಿದರೆ ಅದನ್ನು ಸುಳ್ಳೆನ್ನುವ ಹಾಗಿರಲಿಲ್ಲ. ಮುಂದಿನ ಮನವಿಯಲ್ಲಿ ರ‍್ಯಾಂಪ್ ಎಂಬ ಪದವನ್ನೇ ಬಿಟ್ಟರು. ಬರೆದದ್ದು ಇಷ್ಟು: ‘ಉದ್ಯಾನ ತೆರೆದಿರುವ ಅಷ್ಟೂ ಹೊತ್ತು ಅಂಗವಿಕಲರು ಬೇರೆಯವರ ನೆರವಿಲ್ಲದೆ ಒಳಗೆ ಹೋಗಿ ಹೊರಗೆ ಬರುವಂತಿರಬೇಕು.’ ಹೇಗೆ ಎಂಬುದನ್ನು ಎಂಜಿನಿಯರಿಗೆ ಬಿಟ್ಟರು. ಪ್ರಕರಣದ ಮೊದಲ ತಿರುವು ಇದು.

ಸಂದಿಯ ಲೆಕ್ಕ

2024ರ ಮಳೆ ನಿಂತ ಮೇಲೆ ಸ್ಥಳದಲ್ಲೇ ಒಂದು ಸಭೆ ನಡೆಯಿತು: ಎಂಜಿನಿಯರ್, ಸಂಘದವರು, ಬೆಳಗಿನ ವಾಯುವಿಹಾರಿಗಳ ಬಳಗದ ಇಬ್ಬರು, ಕಾವಲುಗಾರರು, ಮಾಲಿ. ಬಳಗದವರ ಪ್ರಶ್ನೆ ನೇರವಾಗಿತ್ತು: ಕುರ್ಚಿ ಹೋಗಬೇಕು, ಬೈಕ್ ಹೋಗಬಾರದು, ದನ ಹೋಗಬಾರದು. ಅಂಥ ಸಂದಿ ಮಾಡಿಕೊಡಿ.

ಅಂಥ ಸಂದಿ ಇಲ್ಲ. ಸಾಮಾನ್ಯ ಗಾಲಿಕುರ್ಚಿಯ ಅಗಲ 65ರಿಂದ 75 ಸೆಂ.ಮೀ., ಅದನ್ನು ಉರುಳಿಸುವ ಕೈಗಳಿಗೆ ಜಾಗ ಬಿಟ್ಟರೆ 90. ಬೈಕಿನ ಹ್ಯಾಂಡಲ್ 70, 80ರ ಆಸುಪಾಸು. ಕುರ್ಚಿ ನುಗ್ಗುವ ಕಡೆ ಬೈಕ್ ಸಲೀಸಾಗಿ ನುಗ್ಗುತ್ತದೆ, ದನವೂ. ಕಂಬ ನೆಟ್ಟು ಬೈಕ್ ತಡೆಯುತ್ತೇವೆ ಎನ್ನುವ ಪಾಲಿಕೆ, ನಗರಸಭೆಗಳೆಲ್ಲ ಕಟ್ಟಕಡೆಗೆ ತಡೆಯುವುದು ಕುರ್ಚಿಯನ್ನೇ. ಇನ್ನು ನೆಲದಲ್ಲಿ ಗುಂಡಿ ತೋಡಿ ಸಲಾಕೆ ಹಾಸಿ ದನ ತಡೆಯುವ ಉಪಾಯವನ್ನು ಬಳಗದ ಹಿರಿಯರೊಬ್ಬರು ಸೂಚಿಸಿದರು. ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಆ ಸಂದುಗಳಲ್ಲಿ ಸಿಕ್ಕಿ ಕುಳಿತವರು ಮುಗ್ಗರಿಸುತ್ತಾರೆ. ಬಿಳಿಕೋಲಿನ ತುದಿಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದೂ ಆಗದು.

ಅಗಲದಿಂದ ಬಗೆಹರಿಯದ ಸಮಸ್ಯೆಯನ್ನು ಚಿಲಕದಿಂದ ಬಗೆಹರಿಸಬಹುದು ಎಂದು ಹೇಳಿದ್ದು ಎಂಜಿನಿಯರೂ ಅಲ್ಲ, ನಾನೂ ಅಲ್ಲ; ಎಂಜಿನಿಯರ್ ಕರೆಸಿದ ವೆಲ್ಡಿಂಗ್ ಅಂಗಡಿಯವರು. ಅವರು ಕಾಫಿ ತೋಟಗಳಿಗೆ ಗೇಟು ಮಾಡಿಕೊಟ್ಟು ಪಳಗಿದವರು. ತೋಟದ ಗೇಟಿನ ಕೀಲುಗಳನ್ನು ಕೊಂಚ ಓರೆಯಾಗಿ ಕೂರಿಸುತ್ತಾರೆ. ಅರ್ಧ ತೆರೆದು ಬಿಟ್ಟರೆ ಗೇಟು ತನ್ನ ಭಾರಕ್ಕೆ ತಾನೇ ಬಂದು ಮುಚ್ಚಿಕೊಳ್ಳುತ್ತದೆ, ಪೂರ್ತಿ ತೆರೆದರೆ ಅಲ್ಲೇ ನಿಲ್ಲುತ್ತದೆ. ಚಿಲಕ ತಾನಾಗಿ ಬಿದ್ದು ಕೂರುತ್ತದೆ. ದನ ತಲೆಯಿಂದ ಒಳಮುಖವಾಗಿ ದೂಡುತ್ತದೆ, ಗೇಟು ಹೊರಮುಖವಾಗಿ ತೆರೆಯುತ್ತದೆ. ದನಕ್ಕೆ ಕೆಲಸ ಕೆಟ್ಟಿತು. ಗೇಟು ಪಾದಚಾರಿಗಳಿಗೆ ಬಡಿಯದಂತೆ ಕಾಂಪೌಂಡಿನ ಗೆರೆಯಿಂದ ಒಳಕ್ಕೆ ಸರಿಸಿ ಕೂರಿಸಬೇಕು, ಅಷ್ಟೇ. ಚಿಲಕವನ್ನು ನೆಲದಿಂದ 90 ಸೆಂ.ಮೀ. ಎತ್ತರದಲ್ಲಿ, ಎರಡೂ ಕಡೆಯಿಂದ ಸಿಗುವಂತೆ, ಬೆರಳು ಮಡಚಲಾಗದವರೂ ಮುಷ್ಟಿಯಿಂದ ಎತ್ತುವಂತೆ ಮಾಡಬಹುದು ಎಂದರು. ಮಾಡಿದ ಮಾದರಿಯನ್ನು ಆ ಹುಡುಗಿಯ ಕೈಯಲ್ಲೇ ಎತ್ತಿಸಿ ನೋಡಿದೆವು. ಮೊದಲನೆಯದು ಭಾರವಾಯಿತು, ಎರಡನೆಯದನ್ನು ಎತ್ತಿದಳು. ಎತ್ತಿದವಳು ಬಿಡಲೊಲ್ಲಳು, ಟಕ್ ಎಂದು ಬೀಳುವ ಸದ್ದು ಅವಳಿಗೆ ಹಿಡಿಸಿಬಿಟ್ಟಿತ್ತು.

ಬೈಕ್? ಬೈಕಿನವನು ಇಳಿದು ಚಿಲಕ ಎತ್ತಿ ಒಳಗೆ ಬರಬಹುದು. ದರ್ಜಿ ಆ ಸಭೆಯಲ್ಲಿ ಹೇಳಿದ ಮಾತು ನಡಾವಳಿಯಲ್ಲಿ ದಾಖಲಾಗಲಿಲ್ಲ, ಆದರೆ ಚರ್ಚೆ ನಿಂತದ್ದು ಅದರಿಂದಲೇ: ‘ಬೈಕಿನವರನ್ನು ಹಿಡಿಯುವುದು ಪೊಲೀಸರ ಕೆಲಸ. ಅವರ ಕೆಲಸವನ್ನು ಗೇಟಿಗೆ ಹಚ್ಚಿ, ಗೇಟಿನ ಶಿಕ್ಷೆಯನ್ನು ನನಗೆ ಕೊಟ್ಟಿದ್ದೀರಿ.’

ಯಾರ ಪಾಲಿನ ದುಡ್ಡು

ಇಲ್ಲಿ ಸಂಘ ತೆಗೆದುಕೊಂಡ ತೀರ್ಮಾನವನ್ನು ಎಲ್ಲರೂ ಒಪ್ಪಲಿಕ್ಕಿಲ್ಲ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ದರ್ಜಿಯಂಥವರಿಗೆ ಹೆಚ್ಚುವರಿ ಚಕ್ರದ ಸ್ಕೂಟರ್ ಸಿಗುವುದು ಹಲವು ಕಡೆ ಈ ನಿಧಿಯಿಂದಲೇ. ಕಚೇರಿ ಹೇಳಿತು: ಶೇ 5ರಲ್ಲಿ ಹಣವಿದೆ, ನಾಳೆಯೇ ಗೇಟಿಗೆ ಮಂಜೂರು ಮಾಡುತ್ತೇವೆ. ಉದ್ಯಾನಗಳ ನಿರ್ವಹಣೆಯ ಲೆಕ್ಕಶೀರ್ಷಿಕೆಯಲ್ಲಿ ಬೇಕೆಂದರೆ ಮುಂದಿನ ಆಯವ್ಯಯದವರೆಗೆ ಕಾಯಬೇಕು.

ಸಂಘದೊಳಗೆ ಬಿರುಸಾದ ವಾದವಾಯಿತು. ಸಿಕ್ಕಾಗ ಬಿಡಬಾರದು ಎಂದವರು ಹೆಚ್ಚು. ಮೇಷ್ಟ್ರು ಒಪ್ಪಲಿಲ್ಲ. ಉದ್ಯಾನದ ಗೇಟು ಊರಿನವರೆಲ್ಲರ ಗೇಟು. ಅದನ್ನು ಅಂಗವಿಕಲರ ಪಾಲಿನಿಂದ ಕಟ್ಟಿಸಿದರೆ ಯಾರಿಗೋ ಬರಬೇಕಿದ್ದ ಸ್ಕೂಟರೊಂದು ಕಡಿಮೆಯಾಗುತ್ತದೆ, ಮೇಲಾಗಿ ಅದು ‘ಅಂಗವಿಕಲರ ಗೇಟು’ ಆಗಿಬಿಡುತ್ತದೆ, ಅಂಥ ಗೇಟಿಗೆ ಬೀಗ ಬೀಳಲು ಹೆಚ್ಚು ದಿನ ಬೇಕಿಲ್ಲ ಎಂಬುದು ಅವರ ವಾದ. ಸಂಘ ಕಾಯಲು ನಿರ್ಧರಿಸಿತು. ಆ ಕಾಯುವಿಕೆಯ ತಿಂಗಳುಗಳಲ್ಲಿ ತಾಯಿ, ಮಗಳು ಮನೆಯಲ್ಲೇ ಇದ್ದರು. ತತ್ವಕ್ಕಾಗಿ ಕಾಯುವಾಗ ಅದರ ಬೆಲೆ ಯಾರ ಮನೆಯಿಂದ ಹೋಗುತ್ತದೆ ಎಂದು ನಾನು ಆಗಲೂ ಕೇಳಿದ್ದೆ. ಮೇಷ್ಟ್ರ ವಾದ ಸರಿಯೆಂದು ಈಗ ಅನ್ನಿಸಿದರೂ ಆ ಪ್ರಶ್ನೆ ಹೋಗಿಲ್ಲ.

ಈ ನಡುವೆ ದೆಹಲಿಯಿಂದ ಒಂದು ಆಸರೆ ಬಂತು. ಅಲ್ಲಿಯವರೆಗೆ ಅಳತೆಗಳ ಮಾತು ಬಂದಾಗಲೆಲ್ಲ ‘ಅವು ಮಾರ್ಗಸೂಚಿ ತಾನೇ, ಕಡ್ಡಾಯವಲ್ಲವಲ್ಲ’ ಎನ್ನುವುದು ರೂಢಿಯಾಗಿತ್ತು. ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿತು. 2017ರ ನಿಯಮಗಳ 15(1)ನೇ ನಿಯಮ ಮಾನದಂಡಗಳನ್ನು ಬರೀ ಶಿಫಾರಸಿನ ಮಟ್ಟಕ್ಕೆ ಇಳಿಸಿರುವುದು ಕಾಯ್ದೆಗೇ ವಿರುದ್ಧ ಎಂದು ಹೇಳಿ, ಮೂರು ತಿಂಗಳೊಳಗೆ ಕಡ್ಡಾಯ ಮಾನದಂಡಗಳನ್ನು ರೂಪಿಸಲು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ತೀರ್ಪಿನ ಪ್ರತಿಯನ್ನು ಎಂಜಿನಿಯರಿಗೆ ಕೊಟ್ಟೆವು. ಅವರು ಅದನ್ನು ನಮಗೆ ವಿರುದ್ಧವಾಗಿ ಅಲ್ಲ, ತಮ್ಮ ಮೇಲಧಿಕಾರಿಯ ಎದುರು ಬಳಸಿದರು. ಕೆಳಹಂತದ ಎಂಜಿನಿಯರಿಗೆ ಕೆಲಸ ಮಾಡುವ ಮನಸ್ಸಿದ್ದರೂ ಕಡತದಲ್ಲಿ ಹಾಕಲು ಕಾಗದ ಬೇಕು. ಅದನ್ನು ಒದಗಿಸುವುದು ದೂರು ಬರೆಯುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಮಳೆನೀರು ಬರುವ ಮೂಲೆ

ಹಳೆಯ ಗೇಟಿನ ಜಾಗದಲ್ಲಿ 5.4 ಮೀಟರ್ ಇಳಿಜಾರಿಗೆ ಜಾಗವೇ ಇರಲಿಲ್ಲ. ಚರಂಡಿಯ ಮೇಲೆ ಚಪ್ಪಡಿ ಹಾಸಿ, ಪಾದಚಾರಿ ಮಾರ್ಗವನ್ನು ಅರ್ಧ ನುಂಗಿ, ಎರಡು ಮಡಿಕೆಯ ರ‍್ಯಾಂಪ್ ಮಾಡುವ ನಕ್ಷೆಯೊಂದನ್ನು ಎಂಜಿನಿಯರ್ ತಂದಿದ್ದರು. ಕಾಗದದ ಮೇಲೆ ಸರಿಯಾಗಿತ್ತು, ಪಾದಚಾರಿಗಳನ್ನು ರಸ್ತೆಗಿಳಿಸುತ್ತಿತ್ತು.

ಅದನ್ನು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕುತ್ತಿದ್ದಾಗ, ಅಷ್ಟೂ ಹೊತ್ತು ಸುಮ್ಮನೆ ನಿಂತಿದ್ದ ಮಾಲಿ ಕೇಳಿದರು: ‘ಮೇಲಿನ ಮೂಲೆಯಲ್ಲಿ ಯಾಕೆ ಗೇಟು ಮಾಡಬಾರದು ಸ್ವಾಮಿ? ಮಳೆ ಬಂದರೆ ರಸ್ತೆಯ ನೀರೆಲ್ಲ ಅಲ್ಲಿಂದಲೇ ಒಳಗೆ ಬರುತ್ತದೆ.’

ಬೆಟ್ಟದ ಅಡಿಯ ಊರು ನಮ್ಮದು, ಸಮತಟ್ಟಾದ ರಸ್ತೆ ಕಡಿಮೆ. ಉದ್ಯಾನದ ಪಕ್ಕದ ಅಡ್ಡರಸ್ತೆ ಏರುತ್ತಾ ಹೋಗಿ ಮೇಲಿನ ಮೂಲೆಯಲ್ಲಿ ಉದ್ಯಾನದ ನೆಲಕ್ಕೆ ಸಮವಾಗುತ್ತಿತ್ತು. ಕಾಂಪೌಂಡ್ ಕಲ್ಲಿನ ಬುಡದ ಕಿಂಡಿಯಿಂದ ರಸ್ತೆಯ ನೀರು ಒಳಗೆ ಹರಿದ ಗುರುತು ಕೆಮ್ಮಣ್ಣಿನಲ್ಲಿ ಕಾಣುತ್ತಿತ್ತು. ಮಟ್ಟ ಹಿಡಿದು ನೋಡಿದರೆ ವ್ಯತ್ಯಾಸ ಎರಡು ಬೆರಳು. ರ‍್ಯಾಂಪೇ ಬೇಡ! ಆ ಮೂಲೆ ನಮಗೆ ಕಾಣದೆ ಇದ್ದದ್ದಕ್ಕೆ ಕಾರಣ ಅಲ್ಲಿ ಕಸ ಸುರಿಯುತ್ತಿದ್ದರು. ಕಸ ಹಾಕದಿರಲೆಂದು ಪೌರಕಾರ್ಮಿಕರು ಬಿಡಿಸಿದ್ದ ರಂಗೋಲಿಯ ಮೇಲೆಯೇ ಕಸ ಬಿದ್ದಿತ್ತು.

ಇನ್ನೊಂದು ಗೇಟು ಮಾಡುವುದಕ್ಕೆ ಯಾರ ವಿರೋಧವೂ ಇರಲಿಲ್ಲ. ಸಂಘಕ್ಕೆ ಬೇಕಾದದ್ದು ಅದಲ್ಲ. ಮುಖ್ಯ ಗೇಟೇ ಅಲ್ಲಿಗೆ ಬರಬೇಕು ಎಂದು ಪಟ್ಟು ಹಿಡಿಯಿತು. ನಾಮಫಲಕ, ದೀಪ, ಕುಡಿಯುವ ನೀರಿನ ನಲ್ಲಿ ಎಲ್ಲವೂ ಮೇಲಿನ ಗೇಟಿಗೆ. ಆಗ ವಾಯುವಿಹಾರಿಗಳ ಬಳಗ ಸಿಡಿಯಿತು. ಕಾರು ನಿಲ್ಲಿಸುವ ಜಾಗದಿಂದ ದೂರವಾಗುತ್ತದೆ. ಅದೂ ಅಲ್ಲದೆ ಅದು ನೈಋತ್ಯ ಮೂಲೆ, ನೈಋತ್ಯಕ್ಕೆ ಬಾಗಿಲಿಟ್ಟರೆ ಬಡಾವಣೆಗೆ ಕ್ಷೇಮವಲ್ಲ. ವಾಸ್ತುವಿನ ಜೊತೆ ವಾದಿಸಿ ಗೆದ್ದವರನ್ನು ನಾನು ನೋಡಿಲ್ಲ. ಗೇಟನ್ನು ಮೂಲೆಯಿಂದ ಕೆಲವು ಅಡಿ ಈಚೆಗೆ ಸರಿಸಿದೆವು. ಮಟ್ಟ ಒಂದು ಬೆರಳು ಹೆಚ್ಚಾಯಿತು, ದಿಕ್ಕಿನ ದೋಷ ನಿವಾರಣೆಯಾಯಿತು.

ಹಳೆಯ ತಿರುಗುಗೇಟು ಉಳಿಯಬೇಕು ಎಂಬುದನ್ನು ಮಾತ್ರ ಬಳಗ ಬಿಡಲಿಲ್ಲ. ಸಂಘ ಒಪ್ಪಿತು, ಒಂದು ಷರತ್ತಿನ ಮೇಲೆ: ಎರಡೂ ಗೇಟಿಗೆ ಒಂದೇ ಬೀಗದ ಕೈ, ತೆರೆಯುವ ಮುಚ್ಚುವ ಹೊತ್ತೂ ಒಂದೇ. ಮೇಲಿನದು ಮುಚ್ಚಿದ್ದರೆ ಕೆಳಗಿನದೂ ಮುಚ್ಚಿರಬೇಕು. ಮೊದಲು ಮೇಲಿನದನ್ನು ತೆರೆದೇ ಕೆಳಗಿನದಕ್ಕೆ ಬರಬೇಕು. ಇದು ನಡಾವಳಿಯಲ್ಲಿ ಬರೆದು ಸಹಿಯಾಯಿತು. ಷರತ್ತು ಸೂಚಿಸಿದ್ದು ಆ ತಾಯಿ. ಅಲ್ಲಿಯವರೆಗೆ ಅವರು ಸಭೆಗಳಲ್ಲಿ ಮಾತನಾಡಿದ್ದೇ ಇಲ್ಲ.

ಚಪ್ಪಲಿಯ ಮಾತು

ಗೇಟಿನ ಅಗಲ ನಿರ್ಧರಿಸುವಾಗ ಇನ್ನೊಂದು ತಗಾದೆ. ಮಾನದಂಡ ಕೇಳುವುದು ಕನಿಷ್ಠ 90 ಸೆಂ.ಮೀ.; ಅಂದಾಜುಪಟ್ಟಿಯಲ್ಲೂ ಅಷ್ಟೇ ಇತ್ತು. ದರ್ಜಿಯ ಸ್ಕೂಟರಿನ ಹಿಂಚಕ್ರಗಳನ್ನು ಟೇಪಿನಲ್ಲಿ ಅಳೆದರೆ ಹೊರ ಅಂಚಿನಿಂದ ಅಂಚಿಗೆ 112. ಮಾನದಂಡಗಳು ಗಾಲಿಕುರ್ಚಿಯನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ನಮ್ಮಂಥ ಊರುಗಳ ಬೀದಿಯಲ್ಲಿ ಕಾಣುವುದು ಗಾಲಿಕುರ್ಚಿಗಿಂತ ಹೆಚ್ಚಾಗಿ ಇಂಥ ಸ್ಕೂಟರ್, ಇಲ್ಲವೇ ಕೈಯಿಂದ ತುಳಿಯುವ ತ್ರಿಚಕ್ರ ಸೈಕಲ್. ಸರ್ಕಾರ ಒಂದು ಕೈಯಿಂದ ಸ್ಕೂಟರ್ ಕೊಟ್ಟು ಇನ್ನೊಂದು ಕೈಯಿಂದ ಅದು ಹಿಡಿಸದ ಗೇಟು ಕಟ್ಟುತ್ತದೆ. ಗೇಟನ್ನು ಒಂದೂವರೆ ಮೀಟರಿಗೆ ಏರಿಸಲಾಯಿತು.

ಆದರೆ ಸ್ಕೂಟರ್ ಒಳಗೆ ಬರಬಹುದೇ? ಬಳಗದವರ ಆಕ್ಷೇಪ ಹಟಮಾರಿತನದ್ದಾಗಿರಲಿಲ್ಲ: ಹೊಗೆ, ಸದ್ದು, ಮಕ್ಕಳು ಓಡಾಡುವ ಜಾಗ. ವಾಹನವನ್ನು ಹೊರಗೆ ನಿಲ್ಲಿಸಿ ಬನ್ನಿ ಎಂದರು. ದರ್ಜಿ ಶಾಂತವಾಗಿಯೇ ಉತ್ತರಿಸಿದರು: ‘ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು ಬನ್ನಿ ಎನ್ನುವಂತೆ ಹೇಳುತ್ತೀರಿ. ನೀವು ಚಪ್ಪಲಿ ಬಿಟ್ಟರೆ ಕಾಲು ಉಳಿಯುತ್ತದೆ. ನಾನು ಇದನ್ನು ಬಿಟ್ಟರೆ ಏನು ಉಳಿಯುತ್ತದೆ?’

ಒಳಗೊಂದು ಗಾಲಿಕುರ್ಚಿ ಇಡೋಣ ಎಂಬ ಸಲಹೆ ಬಂತು. ಅದು ಉಗ್ರಾಣ ಸೇರುವುದು ಖಚಿತವಿತ್ತು, ಉಗ್ರಾಣಕ್ಕೂ ಬೀಗವಿರುತ್ತದೆ. ಆಮೇಲೆ ಯಾರೋ ಕೇಳಿದರು, ನಿಮಗೆ ಉದ್ಯಾನದಲ್ಲಿ ಎಲ್ಲಿಗೆ ಹೋಗಬೇಕು? ಎರಡು ವರ್ಷದ ಮಾತುಕತೆಯಲ್ಲಿ ಕೇಳದೆ ಉಳಿದಿದ್ದ ಪ್ರಶ್ನೆ. ಅವರಿಗೆ ನಡಿಗೆಪಥ ಸುತ್ತುವ ಆಸೆ ಇರಲಿಲ್ಲ. ಗೆಳೆಯರ ಬೆಂಚಿನ ಬಳಿ ಕೂರಬೇಕಿತ್ತು. ಹೊಂಗೆ ಮರ ಇದ್ದದ್ದು ಹೊಸ ಗೇಟಿನಿಂದ ಇಪ್ಪತ್ತು ಹೆಜ್ಜೆಯಲ್ಲಿ. ಬೆಂಚಿನ ಪಕ್ಕಕ್ಕೆ ಸ್ಕೂಟರ್ ನಿಲ್ಲುವಷ್ಟು ಗಟ್ಟಿ ನೆಲ ಮಾಡಿ, ಅಲ್ಲಿಯವರೆಗೆ ಮಾತ್ರ ಎಂಜಿನ್ ಆರಿಸದೆ ಬರಬಹುದು ಎಂದು ಒಪ್ಪಂದವಾಯಿತು. ಇದು ದರ್ಜಿಗೆ ಸರಿಹೋದ ಪರಿಹಾರ. ಇಡೀ ಪಥ ಸುತ್ತಬೇಕೆನ್ನುವ ಸ್ಕೂಟರಿನವರೊಬ್ಬರು ನಾಳೆ ಬಂದರೆ ಈ ಒಪ್ಪಂದ ಅವರಿಗೆ ಅನ್ಯಾಯವೇ.

ಹಳದಿ ಟೈಲ್ಸ್

2025ರಲ್ಲಿ ಕಾಮಗಾರಿ ನಡೆಯಿತು. ಹಸಿ ಕಾಂಕ್ರೀಟಿನ ಮೇಲೆ ಪೊರಕೆ ಎಳೆದು ಗೆರೆ ಮೂಡಿಸಿದರು; ನುಣುಪು ಟೈಲ್ಸಿಗಿಂತ ಅಗ್ಗ, ಮಳೆಯಲ್ಲಿ ಜಾರುವುದು ಕಡಿಮೆ, ಬ್ರಷ್ ಹಾಕಿ ಪಾಚಿ ಉಜ್ಜುವುದೂ ಸುಲಭ. ರಸ್ತೆಯ ನೀರು ತಡೆಯಲು ಗೇಟಿಗೆ ಅಡ್ಡಲಾಗಿ ಕಿರುಚರಂಡಿ, ಅದರ ಮೇಲೆ 12 ಮಿ.ಮೀ. ಮೀರದ ಸಂದಿನ ಜಾಲರಿ.

ಗುತ್ತಿಗೆದಾರರು ಇದರ ಜೊತೆಗೆ ಪಥದ ನಡುಮಧ್ಯೆ ಹಳದಿ ಉಬ್ಬು ಟೈಲ್ಸ್ ಹಾಸತೊಡಗಿದ್ದರು. ಇವು 1967ರಲ್ಲಿ ಜಪಾನಿನ ಒಕಯಾಮಾದಲ್ಲಿ ಮೊದಲು ಬಳಕೆಗೆ ಬಂದವು, ಸೆಯಿಚಿ ಮಿಯಾಕೆ ಎಂಬವರು ರೂಪಿಸಿದ್ದು. ಉದ್ದಗೆರೆಯ ಟೈಲ್ಸ್ ‘ಮುಂದೆ ಹೋಗು’ ಎನ್ನುತ್ತದೆ, ಚುಕ್ಕೆಯ ಟೈಲ್ಸ್ ‘ನಿಲ್ಲು, ಗಮನಿಸು’ ಎನ್ನುತ್ತದೆ. ಇಲ್ಲಿ ಎರಡನ್ನೂ ಚೌಕಬಾರದ ಮನೆಗಳಂತೆ ಬೆರೆಸಿ ಹಾಸಿದ್ದರು. ಮೇಷ್ಟ್ರು ಬಿಳಿಕೋಲು ಹಿಡಿದು ಎಂಜಿನಿಯರನ್ನು ಜೊತೆಗೆ ಕರೆದುಕೊಂಡು ಅದರ ಮೇಲೆ ನಡೆದರು. ಸಾಲು ಅವರನ್ನು ನೇರ ಮರದ ಕಟ್ಟೆಗೆ ಒಯ್ದು ನಿಲ್ಲಿಸಿತು.

ಮೇಷ್ಟ್ರ ಅಗತ್ಯವೇ ಬೇರೆಯಿತ್ತು. ಅವರು ಕೋಲಿನ ತುದಿಯನ್ನು ಪಥದ ಅಂಚುಕಲ್ಲಿಗೆ ತಾಗಿಸುತ್ತಾ ನಡೆಯುವವರು. ಅಂಚು ನೆಲಕ್ಕಿಂತ ಸ್ವಲ್ಪ ಎದ್ದಿದ್ದರೆ ಅದೇ ದಾರಿ. ಅವರಿಗೆ ಪೆಟ್ಟು ಬೀಳುತ್ತಿದ್ದದ್ದು ಮೇಲಿನಿಂದ: ಬಾಗಿದ ಕೊಂಬೆ, ತಲೆಮಟ್ಟದಲ್ಲಿ ಕಟ್ಟಿದ ಶುಭಾಶಯದ ಫ್ಲೆಕ್ಸ್. ನೆಲ ತಡವುವ ಕೋಲಿಗೆ ಅವು ಸಿಗುವುದಿಲ್ಲ. ಹಳದಿ ಸಾಲನ್ನು ಕಿತ್ತು, ಗೇಟಿನ ಬಳಿ ಮತ್ತು ಮೆಟ್ಟಿಲುಗಳ ತುದಿಯಲ್ಲಿ ಮಾತ್ರ ಚುಕ್ಕೆ ಟೈಲ್ಸ್ ಉಳಿಸಿದರು. ಅಂಚುಕಲ್ಲು ಎತ್ತರಿಸಿದರು. ಕೊಂಬೆ ಸವರಿದರು. ಉಳಿದ ಟೈಲ್ಸ್ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ಗಾಲಿಕುರ್ಚಿಗೆ ಅಂಚು ಬೇಡ, ಬಿಳಿಕೋಲಿಗೆ ಅಂಚು ಬೇಕು ಎಂಬ ಪೇಚು ಹೀಗೆ ಬಗೆಹರಿಯಿತು: ದಾಟುವ ಕಡೆಗಳಲ್ಲಿ ನೆಲ ಸಮ, ಅಲ್ಲಿ ಚುಕ್ಕೆ, ಉಳಿದ ಕಡೆ ಅಂಚು. ಇಬ್ಬರನ್ನೂ ಒಂದೇ ದಿನ ಜೊತೆಯಾಗಿ ನಡೆಸಿ ನೋಡದಿದ್ದರೆ ಒಬ್ಬರಿಗೆ ಮಾಡಿದ ಉಪಕಾರ ಇನ್ನೊಬ್ಬರಿಗೆ ಅಡ್ಡಿಯಾಗುತ್ತಿತ್ತು.

ಗೇಟು ತೆರೆದ ಮೇಲೆ

ಒಂದು ಬೆಳಿಗ್ಗೆ ಕಾವಲುಗಾರರು ರಜೆಯಲ್ಲಿದ್ದರು. ಬದಲಿಗೆ ಬಂದವರು ಅಭ್ಯಾಸಬಲದಿಂದ ಕೆಳಗಿನ ಗೇಟು ತೆರೆಯಲು ಹೋದರು. ನಡಾವಳಿ ತಿಳಿದಿದ್ದ ದರ್ಜಿಯ ಗೆಳೆಯರೊಬ್ಬರು ತಡೆದರು: ಮೊದಲು ಮೇಲಿನದು. ಮೇಲಿನ ಗೇಟಿನ ಬೀಗಕ್ಕೆ ತುಕ್ಕು ಹಿಡಿದು ಕೈ ತಿರುಗಲಿಲ್ಲ. ಐದೂವರೆಯ ಚಳಿಯಲ್ಲಿ ಇಡೀ ವಾಯುವಿಹಾರಿಗಳ ಬಳಗ ಎರಡು ಗೇಟಿನ ಹೊರಗೂ ನಿಂತಿತು. ಬಳಗದ ಅಧ್ಯಕ್ಷರೇ ಕಚೇರಿಗೆ ಫೋನಿನ ಮೇಲೆ ಫೋನು ಮಾಡಿದರು. ಮಧ್ಯಾಹ್ನದೊಳಗೆ ಹೊಸ ಬೀಗ ಬಂತು. ಸಂಘದ ಮನವಿಗಳಿಗೆ ತಿಂಗಳುಗಟ್ಟಲೆ ಉತ್ತರ ಬಾರದಿದ್ದ ಕಚೇರಿ ಅದೇ.

ಬೇರೆ ಊರಿನಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರಿಗೆ ನಾನು ಮೊದಲು ಹೇಳುವುದು ಆ ತಾಯಿಯ ಷರತ್ತನ್ನು. ಅಂಗವಿಕಲರಿಗೆಂದು ಪ್ರತ್ಯೇಕ ದಾರಿ ಮಾಡಿದರೆ ಅದು ಹಾಳಾದಾಗ ದೂರುವವರು ಅವರಷ್ಟೇ ಆಗುತ್ತಾರೆ. ದಾರಿಯನ್ನು ಎಲ್ಲರ ದಾರಿಗೆ ಗಂಟು ಹಾಕಿದರೆ ದೂರುವವರು ಹೆಚ್ಚುತ್ತಾರೆ. ಅಳತೆಯ ಟೇಪನ್ನು ಪುಸ್ತಕದ ಪಕ್ಕದಲ್ಲಿಡುವ ಮೊದಲು ಊರಿನವರು ನಿಜವಾಗಿ ಬಳಸುವ ಗಾಡಿಗಳ ಪಕ್ಕದಲ್ಲಿಡಿ. ಮಾಲಿ, ಕಾವಲುಗಾರ, ವೆಲ್ಡಿಂಗಿನವರನ್ನು ಮೊದಲ ಸಭೆಗೇ ಕರೆಯಿರಿ.

ಎಲ್ಲವೂ ಸರಿಹೋಗಿಲ್ಲ. ಗೇಟನ್ನು ಪೂರ್ತಿ ತೆರೆದೇ ಬಿಟ್ಟು ಹೋಗುವವರಿದ್ದಾರೆ, ಆಗ ದನ ಬರುತ್ತದೆ. ಬೈಕು ಮೊದಲಿಗಿಂತ ಕಡಿಮೆ, ಪೂರ್ತಿ ನಿಂತಿಲ್ಲ. ಕಸ ಸುರಿಯುವವರು ಮೂಲೆ ಬಿಟ್ಟು ಅದೇ ರಸ್ತೆಯಲ್ಲಿ ಇನ್ನಷ್ಟು ಮೇಲಕ್ಕೆ ಹೋಗಿದ್ದಾರೆ. ಹುಡುಗಿಗೆ ಜೋಕಾಲಿ ಎಂದರೆ ಪ್ರಾಣ, ಅವಳು ಕೂರಬಹುದಾದ ಒರಗಿನ ಜೋಕಾಲಿ ಇಲ್ಲ. ಇರುವುದರಲ್ಲಿ ತಾಯಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತೂಗುತ್ತಾರೆ.

ಶೌಚಾಲಯದ ವಿಷಯ ಮಾತ್ರ ಹಾಗೆಯೇ ಇದೆ. ಬಾಗಿಲಲ್ಲಿ ಒಂದು ಮೆಟ್ಟಿಲು, ಬಾಗಿಲು ಒಳಮುಖವಾಗಿ ತೆರೆಯುತ್ತದೆ, ಒಳಗೆ ಕುರ್ಚಿ ತಿರುಗುವುದಿಲ್ಲ. ತಾಯಿ ಮಗಳನ್ನು ಮನೆಯಲ್ಲಿ ಶೌಚಕ್ಕೆ ಕರೆದೊಯ್ದ ಹೊತ್ತಿನಿಂದ ಲೆಕ್ಕ ಹಾಕಿ ಒಂದು ಗಂಟೆಯೊಳಗೆ ಹೊರಟುಬಿಡುತ್ತಾರೆ. ಹೊಸ ಅಂದಾಜುಪಟ್ಟಿ ಸಿದ್ಧವಾಗಿ ಹೋಗಿದೆ. ಶೇ 5ರ ನಿಧಿಯಿಂದ ಮಾಡೋಣವೇ ಎಂಬ ಟಿಪ್ಪಣಿಯೊಂದಿಗೆ ಹಿಂದಿರುಗಿದೆ. ಈ ಸಲ ಉತ್ತರ ಬರೆಯುವ ಕೆಲಸವನ್ನು ಸಂಘ ಆ ತಾಯಿಗೇ ವಹಿಸಿದೆ.